ಚದುರಂಗ ಪಂದ್ಯಾವಳಿಯ ಫಲಿತಾಂಶ ಕೋಷ್ಟಕ: ಜೋಡಣೆ ಮತ್ತು ಪ್ರಾಮಾಣ್ಯ

ಶಿವಮೊಗ್ಗ ಜಿಲ್ಲೆಯ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೆಯ ಸಂಪುಟಗಳಲ್ಲಿ ತಾಲ್ಲೂಕುವಾರಾಗಿ ಮುದ್ರಿತವಾಗಿವೆ. ರಾಜವಂಶದ ಚರಿತ್ರೆಯನ್ನು ಬರೆಯುವವನು ಅವನ್ನೇ ಕಾಲಾನುಕ್ರಮದಲ್ಲಿ ಜೋಡಿಸಿಕೊಳ್ಳುತ್ತಾನೆ. ಮೂಲವೊಂದೇ, ಪ್ರಯೋಜನಕ್ಕೆ ತಕ್ಕಂತೆ ಜೋಡಣೆ ಬೇರೆ. ಚದುರಂಗದ ಆಟಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುವ ತಂತ್ರಾಂಶಗಳಿಂದ ದೊರೆಯುವ ಫಲಿತಾಂಶ ಕೋಷ್ಟಕಕ್ಕೂ ಈ ಮಾತು ಸಲ್ಲುತ್ತದೆ.

ಇಂತಹ ಸಂಗ್ರಹಗಳಲ್ಲಿ ಬಳಕೆಯಲ್ಲಿರುವ ಪಿ.ಜಿ.ಎನ್. ಎಂಬ ಲೇಖನಪದ್ಧತಿಯನ್ನು 1993ರಲ್ಲಿ ಸ್ಟೀವನ್ ಎಡ್ವರ್ಡ್ಸ್ ರೂಪಿಸಿದರು. ಇದರಲ್ಲಿ ಪ್ರತಿಯೊಂದು ಆಟದ ತಲೆಯಲ್ಲಿಯೂ ಏಳು ಸಂಗತಿಗಳು ಇರಬೇಕು: ಪಂದ್ಯಾವಳಿ, ಸ್ಥಳ, ದಿನಾಂಕ, ಸುತ್ತು, ಬಿಳಿಯ ಕಾಯಿಗಳ ಆಟಗಾರ, ಕರಿಯ ಕಾಯಿಗಳ ಆಟಗಾರ, ಫಲಿತಾಂಶ. ಕೋಷ್ಟಕವು ಇವುಗಳಿಂದಲೇ ಹುಟ್ಟುತ್ತದೆ. ಯಾವ ಕಂಬಸಾಲು ಇರಬೇಕು, ಸಮಾನ ಅಂಕ ಪಡೆದವರಲ್ಲಿ ಯಾರು ಮುಂದೆ ಎಂಬುದನ್ನು ಮಾತ್ರ ಕೋಷ್ಟಕವನ್ನು ಸಿದ್ಧಪಡಿಸುವವನು ನಿರ್ಧರಿಸುತ್ತಾನೆ. ಈ ನಿರ್ಧಾರವನ್ನು ಕೇವಲ ಅಲಂಕಾರವೆಂದು ಭಾವಿಸುವುದು ತಪ್ಪು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಕುಂಸಿಯ ನಾಲ್ವರು ವಿದ್ಯಾರ್ಥಿಗಳು ಪರಸ್ಪರ ಒಂದೊಂದು ಆಟವಾಡಿದರು. ಜಿಲ್ಲಾ ಸ್ಪರ್ಧೆಗೆ ಒಬ್ಬನನ್ನು ಮಾತ್ರ ಕಳುಹಿಸಬಹುದು. ‘ಕ’ ಎಂಬವನು ‘ಗ’, ‘ಘ’ ಇಬ್ಬರನ್ನೂ ಗೆದ್ದು ‘ಖ’ನಿಗೆ ಸೋತನು. ‘ಖ’ನು ‘ಕ’ನನ್ನು ಗೆದ್ದು ಉಳಿದಿಬ್ಬರೊಡನೆ ಸಮ ಮಾಡಿಕೊಂಡನು. ‘ಗ’, ‘ಘ’ರ ನಡುವಣ ಆಟವೂ ಸಮವಾಯಿತು. ಗೆಲುವಿಗೆ 1, ಸಮಕ್ಕೆ ½ ಎಂದು ಎಣಿಸಿದರೆ ‘ಕ’, ‘ಖ’ರಿಗೆ ಎರಡೆರಡು ಅಂಕ, ಉಳಿದವರಿಗೆ ಒಂದೊಂದು.

ಗೆಲುವುಗಳ ಸಂಖ್ಯೆಯನ್ನು ಪ್ರಮಾಣವಾಗಿ ಹಿಡಿದರೆ ‘ಕ’ನೇ ಮೊದಲಿಗ. ಸೊನ್ನೆಬಾರ್ನ್–ಬರ್ಗರ್ ಪದ್ಧತಿಯಲ್ಲಿ ಸೋಲಿಸಿದ ಎದುರಾಳಿಯ ಪೂರ್ಣ ಅಂಕವನ್ನೂ ಸಮ ಮಾಡಿಕೊಂಡವನ ಅಂಕದ ಅರ್ಧವನ್ನೂ ಕೂಡಿಸುತ್ತಾರೆ. ಆಗ ‘ಕ’ನಿಗೆ 1+1=2; ‘ಖ’ನಿಗೆ 2+½+½=3. ‘ಖ’ನು ಮುಂದಾಗುತ್ತಾನೆ. ಆಡಿದ ಆಟದಲ್ಲಿ ಏನೂ ಬದಲಾಗಲಿಲ್ಲ. ಕಂಬಸಾಲು ಬದಲಾದುದರಿಂದ ಜಿಲ್ಲೆಗೆ ಹೋಗುವ ಹುಡುಗನು ಬದಲಾದನು. ಆದುದರಿಂದಲೇ ಈ ನಿಯಮವನ್ನು ಪಂದ್ಯಾವಳಿಗೆ ಮುಂಚೆಯೇ ಪ್ರಕಟಿಸಬೇಕು.

ಎಲ್ಲರೂ ಎಲ್ಲರೊಡನೆ ಆಡದ ಸ್ವಿಸ್ ಪದ್ಧತಿಯು 1895ರಲ್ಲಿ ಜ್ಯೂರಿಕ್ ನಗರದಲ್ಲಿ ಬಳಕೆಗೆ ಬಂದಿತು. ಅದರ ಕೋಷ್ಟಕವನ್ನು ಸುತ್ತುವಾರಾಗಿ ಹಾಕಿ, ಪ್ರತಿ ಸುತ್ತಿನಲ್ಲಿಯೂ ಎದುರಾಳಿಯ ಕ್ರಮಾಂಕ, ಕಾಯಿಯ ಬಣ್ಣ, ಫಲಿತಾಂಶಗಳನ್ನು ತೋರಿಸುವುದು ಯುಕ್ತ. ಇಲ್ಲಿ ಎದುರಾಳಿಗಳ ಅಂಕಗಳನ್ನು ಕೂಡಿಸುವ ಬುಖ್‌ಹೋಲ್ಟ್ಸ್ ಪದ್ಧತಿಯು ಹೆಚ್ಚು ಪ್ರಚಲಿತವಾಗಿದೆ.

ನಮ್ಮ ನಾಡಿನಲ್ಲಿ ಇನ್ನೊಂದು ತೊಡಕುಂಟು. ಗ್ರ್ಯಾಂಡ್‌ಮಾಸ್ಟರ್ ಪದವಿಗೇರಿದ ನಮ್ಮ ಜಿಲ್ಲೆಯ ಆಟಗಾರರ ಹೆಸರನ್ನು ‘ಜಿ. ಎ. ಸ್ಟ್ಯಾನಿ’ ಎಂದೂ ‘ಸ್ಟ್ಯಾನಿ ಜಿ. ಎ.’ ಎಂದೂ ಬರೆಯಬಹುದು. ಓದುವವನಿಗೆ ಇಬ್ಬರೂ ಒಬ್ಬರೇ, ಯಂತ್ರಕ್ಕೆ ಇಬ್ಬರು. ಅಂಕಗಳು ಎರಡು ಅಡ್ಡಸಾಲುಗಳಲ್ಲಿ ಹಂಚಿಹೋಗುತ್ತವೆ. ಹೆಸರುಗಳನ್ನು ಏಕರೂಪಗೊಳಿಸಿದ ಮೇಲೆಯೇ ಕೋಷ್ಟಕವನ್ನು ತೆಗೆಯಬೇಕು.

ಹೆಸರು ಮತ್ತು ಒಟ್ಟು ಅಂಕವನ್ನಷ್ಟೇ ಉಳಿಸಿದ ಹಾಳೆಯಿಂದ ‘ಖ’ನನ್ನು ಏಕೆ ಆರಿಸಿದರೆಂದು ಹತ್ತು ವರ್ಷಗಳ ಅನಂತರ ಯಾರೂ ಹೇಳಲಾರರು. ಪ್ರಕಟಣೆಯ ಕೋಷ್ಟಕ ಎಷ್ಟೇ ಸಂಕ್ಷಿಪ್ತವಾಗಿರಲಿ, ಅದರ ಅಡಿಯಲ್ಲಿ ಕ್ರಮನಿರ್ಣಯದ ನಿಯಮವನ್ನು ನಮೂದಿಸಿ, ಮೂಲ ದಾಖಲೆಗಳನ್ನು ಸಂಪೂರ್ಣವಾಗಿ ಕಾಪಾಡಿದರೆ, ಮುಂದಿನವರು ಅದನ್ನು ಪರೀಕ್ಷಿಸಿ ಒಪ್ಪಲೂಬಹುದು, ತಿದ್ದಲೂಬಹುದು.