ಗೆದ್ದಿದ್ದು ಹಿಲರಿ, ಮುಂದೆ ಹೋಗಿದ್ದು ಒಬಾಮಾ: ಪ್ರೈಮರಿ ಲೆಕ್ಕ ಓದೋದು ಹೇಗೆ?

2008ರ ಜನವರಿ 19. ಅಮೆರಿಕದ ನೆವಾಡಾ ರಾಜ್ಯ. ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಯಾರು ನಿಲ್ಲಬೇಕು ಅನ್ನೋ ಸ್ಪರ್ಧೆ ನಡೀತಿದೆ. ಹಿಲರಿ ಕ್ಲಿಂಟನ್‌ಗೆ ಸುಮಾರು 51 ಪರ್ಸೆಂಟ್, ಬರಾಕ್ ಒಬಾಮಾಗೆ ಸುಮಾರು 45. ಗೆದ್ದಿದ್ದು ಹಿಲರಿ ಅಂತ ಸುದ್ದಿ ಆಯ್ತು. ಆದರೆ ಅವತ್ತಿನ ಡೆಲಿಗೇಟ್ ಲೆಕ್ಕ ನೋಡಿದರೆ ಒಬಾಮಾಗೆ 13, ಹಿಲರಿಗೆ 12!

"ಇದು ಮೋಸ ಕಣೋ" ಅಂದ ನಮ್ಮಲ್ಲೊಬ್ಬ.

ಈ ಸೆಮ್ ರಜೆಯಲ್ಲಿ ಹಾಸ್ಟೆಲ್‌ನಲ್ಲೇ ಉಳಿದಿದ್ದ ನಾವು ನಾಲ್ಕು ಜನ ಒಂದು ಆಟ ಶುರು ಮಾಡಿದ್ವಿ. 2008ರ ಆ ಸ್ಪರ್ಧೆಯನ್ನ ಈಗ ನಡೀತಿದೆಯೇನೋ ಅನ್ನೋ ಹಾಗೆ ಒಂದೊಂದೇ ದಿನ ಮುಂದೆ ಹೋಗ್ತಾ ಫಾಲೋ ಮಾಡೋದು. ಇಬ್ಬರು ಹಿಲರಿ ಕಡೆ, ಇಬ್ಬರು ಒಬಾಮಾ ಕಡೆ, ಮಧ್ಯದಲ್ಲಿ ಒಂದು ಎಕ್ಸೆಲ್ ಶೀಟ್. ಕೊನೆಗೆ ಗೆದ್ದಿದ್ದು ಯಾರು ಅಂತ ಎಲ್ಲರಿಗೂ ಗೊತ್ತು. ಹೇಗೆ ಗೆದ್ದರು ಅನ್ನೋದು ಮಾತ್ರ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಪ್ರೈಮರಿ ಅಂದರೇನು?

ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ಹೈಕಮಾಂಡ್ ತೀರ್ಮಾನ ಮಾಡುತ್ತೆ. ಅಮೆರಿಕದಲ್ಲಿ ಆ ಟಿಕೆಟ್‌ಗೇ ಒಂದು ಚುನಾವಣೆ. ನವೆಂಬರ್‌ನಲ್ಲಿ ನಿಜವಾದ ಚುನಾವಣೆ ನಡೆಯೋಕೆ ಮುಂಚೆ, ಜನವರಿಯಿಂದ ಜೂನ್‌ವರೆಗೆ ಒಂದೊಂದು ರಾಜ್ಯದಲ್ಲೂ ಒಂದೇ ಪಕ್ಷದವರು ತಮ್ಮತಮ್ಮಲ್ಲೇ ಸ್ಪರ್ಧೆ ಮಾಡ್ತಾರೆ. ಜನ ಹಾಕೋ ಓಟು ಡೆಲಿಗೇಟ್‌ಗಳಾಗಿ ಬದಲಾಗುತ್ತೆ. ಡೆಲಿಗೇಟ್ ಅಂದರೆ ಬೇಸಿಗೆಯ ಕೊನೆಗೆ ನಡೆಯೋ ಪಕ್ಷದ ಮಹಾ ಅಧಿವೇಶನಕ್ಕೆ ಹೋಗಿ ಓಟು ಹಾಕುವ ಪ್ರತಿನಿಧಿ. ಯಾರಿಗೆ ಅರ್ಧಕ್ಕಿಂತ ಹೆಚ್ಚು ಡೆಲಿಗೇಟ್‌ಗಳೋ ಅವರೇ ಅಭ್ಯರ್ಥಿ. ಆದ್ದರಿಂದ ನೋಡಬೇಕಾಗಿರೋದು ಯಾವ ರಾಜ್ಯ ಗೆದ್ದರು ಅಂತ ಅಲ್ಲ, ಎಷ್ಟು ಡೆಲಿಗೇಟ್ ಸಿಕ್ಕರು ಅಂತ.

ಐಪಿಎಲ್ ಪಾಯಿಂಟ್ಸ್ ಟೇಬಲ್ ನೆನಪಿಸಿಕೊಳ್ಳಿ. ಒಂದು ರನ್‌ನಿಂದ ಗೆದ್ದರೂ 2 ಪಾಯಿಂಟ್, ನೂರು ರನ್‌ನಿಂದ ಗೆದ್ದರೂ 2 ಪಾಯಿಂಟ್, ಸೋತವರಿಗೆ ಸೊನ್ನೆ. 2008ರಲ್ಲಿ ರಿಪಬ್ಲಿಕನ್ ಪಕ್ಷದ ಹಲವು ರಾಜ್ಯಗಳಲ್ಲಿ ಇದೇ ಥರ ಇತ್ತು. ಫ್ಲೋರಿಡಾದಲ್ಲಿ ಜಾನ್ ಮೆಕೇನ್ ಬರೀ 36 ಪರ್ಸೆಂಟ್ ಓಟಿಗೆ ಎಲ್ಲಾ 57 ಡೆಲಿಗೇಟ್‌ಗಳನ್ನ ಬಾಚಿಕೊಂಡರು. ಮಾರ್ಚ್ 4ಕ್ಕೆ ಅವರ ಸ್ಪರ್ಧೆ ಮುಗಿದೇ ಹೋಯ್ತು.

ಡೆಮಾಕ್ರಟಿಕ್ ಪಕ್ಷದ ರೂಲ್ ಬೇರೆ. ಅಲ್ಲಿ ಸೋತವರಿಗೂ ಅವರವರ 'ರನ್' ಲೆಕ್ಕದಲ್ಲಿ ಪಾಲು ಸಿಗುತ್ತೆ, 15 ಪರ್ಸೆಂಟ್ ದಾಟಿರಬೇಕು ಅಷ್ಟೇ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಿಲರಿ ಗೆದ್ದಾಗ ಇಬ್ಬರಿಗೂ ಸಿಕ್ಕಿದ್ದು 9–9.

ರೌಂಡಿಂಗ್ ಎರರ್‌ನಲ್ಲಿ ಅಡಗಿದ ಗೆಲುವು

ಹಾಗಾದ್ರೆ ನೆವಾಡಾದಲ್ಲಿ ಕಡಿಮೆ ಬಂದವರು ಮುಂದೆ ಹೋಗಿದ್ದು ಹೇಗೆ? ಇಲ್ಲಿ ನಮ್ಮ ಕ್ಯಾಲ್ಕುಲೇಟರ್ ಹೊರಗೆ ಬಂತು.

ಒಂದು ರಾಜ್ಯದ ಹೆಚ್ಚಿನ ಡೆಲಿಗೇಟ್‌ಗಳನ್ನ ಕ್ಷೇತ್ರಗಳಿಗೆ ಹಂಚಿರ್ತಾರೆ. ಒಂದು ಕ್ಷೇತ್ರಕ್ಕೆ 4 ಡೆಲಿಗೇಟ್ ಅಂತಿಟ್ಟುಕೊಳ್ಳಿ. ನೀವು 60–40ರಲ್ಲಿ ಭರ್ಜರಿಯಾಗಿ ಗೆದ್ರಿ. 4ರಲ್ಲಿ 60 ಪರ್ಸೆಂಟ್ ಅಂದರೆ 2.4, ಅಂದರೆ 2. ಎದುರಾಳಿಗೆ 1.6, ಅಂದರೆ ಅವರಿಗೂ 2. ನಿಮ್ಮ ಲಾಭ ಸೊನ್ನೆ! ಮೂರನೇ ಡೆಲಿಗೇಟ್ ಬೇಕು ಅಂದರೆ 62.5 ಪರ್ಸೆಂಟ್ ದಾಟಬೇಕು. ಈಗ 3 ಡೆಲಿಗೇಟ್ ಇರೋ ಕ್ಷೇತ್ರ ತಗೊಳ್ಳಿ. ಅಲ್ಲಿ 51–49ರಲ್ಲಿ ಗೆದ್ದರೂ ಸಾಕು, 2–1.

ಅಂದರೆ ಸಮಸಂಖ್ಯೆಯ ಕ್ಷೇತ್ರದಲ್ಲಿ ದೊಡ್ಡ ಗೆಲುವಿಗೆ ಬೆಲೆ ಇಲ್ಲ, ಬೆಸಸಂಖ್ಯೆಯ ಕ್ಷೇತ್ರದಲ್ಲಿ ಚಿಕ್ಕ ಗೆಲುವಿಗೂ ಬೆಲೆ ಇದೆ. ಹಿಲರಿಯ ಬಲ ಇದ್ದಿದ್ದು ಲಾಸ್ ವೇಗಸ್ ಸುತ್ತ. ಒಬಾಮಾ ಉಳಿದ ಭಾಗದಲ್ಲಿ ಬೆಸಸಂಖ್ಯೆಯ ಕಡೆ ಆ ಒಂದು ಹೆಚ್ಚಿನ ಡೆಲಿಗೇಟ್ ಗಿಟ್ಟಿಸಿಕೊಂಡರು. ನಮಗೆ ಇದು ರೌಂಡಿಂಗ್ ಎರರ್. ಆದರೆ ಒಬಾಮಾ ಕ್ಯಾಂಪೇನ್ ಮ್ಯಾನೇಜರ್ ಡೇವಿಡ್ ಪ್ಲಫ್ ಅವರ ತಂಡಕ್ಕೆ ಇದೇ ಪ್ಲಾನ್.

21 ಸಾವಿರ, 11 ಲಕ್ಷಕ್ಕೆ ಸಮ?

ಫೆಬ್ರವರಿ 5, ಸೂಪರ್ ಟ್ಯೂಸ್‌ಡೇ. ಒಂದೇ ದಿನ 20ಕ್ಕೂ ಹೆಚ್ಚು ರಾಜ್ಯಗಳು. ಹಿಲರಿ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಯಂಥ ದೊಡ್ಡ ರಾಜ್ಯಗಳನ್ನ ಗೆದ್ದರು. ನಮ್ಮ ಹಿಲರಿ ಪಾರ್ಟಿ ಅವತ್ತು ಚಹಾ ಕೊಡಿಸಿತು. ಶೀಟ್ ತುಂಬಿಸಿದ ಮೇಲೆ ನೋಡಿದರೆ ಇಬ್ಬರೂ ಹೆಚ್ಚುಕಡಿಮೆ ಸಮ!

ಕಾರಣ ಐಡಾಹೊದಂಥ ಚಿಕ್ಕ ರಾಜ್ಯಗಳು. ಅಲ್ಲಿ ನಡೆದಿದ್ದು ಪ್ರೈಮರಿ ಅಲ್ಲ, ಕಾಕಸ್. ಪ್ರೈಮರಿ ಅಂದರೆ ಬೂತಿಗೆ ಹೋಗಿ ಓಟು ಹಾಕಿ ಬರೋದು. ಕಾಕಸ್ ಅಂದರೆ ಗೊತ್ತಾದ ಟೈಮಿಗೆ ಒಂದು ಜಾಗದಲ್ಲಿ ಸೇರಿ, ಅಲ್ಲೇ ಕೂತು ಎಲ್ಲರೆದುರು ಬೆಂಬಲ ತೋರಿಸೋ ಸಭೆ. ಹಾಗಾಗಿ ಬರುವವರು ಕಡಿಮೆ, ಸಂಘಟನೆ ಚೆನ್ನಾಗಿದ್ದವರಿಗೆ ಲಾಭ. ಐಡಾಹೊದಲ್ಲಿ ಬಂದಿದ್ದು ಸುಮಾರು 21 ಸಾವಿರ ಜನ. ಒಬಾಮಾಗೆ 15 ಡೆಲಿಗೇಟ್, ಹಿಲರಿಗೆ 3. ವ್ಯತ್ಯಾಸ 12. ನ್ಯೂಜೆರ್ಸಿಯಲ್ಲಿ 11 ಲಕ್ಷಕ್ಕೂ ಹೆಚ್ಚು ಓಟು. ಹಿಲರಿಗೆ 59, ಒಬಾಮಾಗೆ 48. ವ್ಯತ್ಯಾಸ 11.

ಇಲ್ಲಿ ನಮ್ಮ ರೂಮಿನಲ್ಲಿ ನಿಜವಾದ ಜಗಳ ಆಯ್ತು. "ರೂಲ್ ಬುಕ್ ಮೊದಲೇ ಕೊಟ್ಟಿದ್ರು, ಓದದೇ ಇದ್ದಿದ್ದು ಯಾರ ತಪ್ಪು?" ಅಂತ ಒಂದು ಕಡೆ. "ಸಂಜೆ ಶಿಫ್ಟ್‌ನಲ್ಲಿರೋ ನರ್ಸ್ ಕಾಕಸ್‌ಗೆ ಹೇಗೆ ಬರಬೇಕು? ಅವಳ ಓಟಿಗೆ ಬೆಲೆ ಇಲ್ವಾ?" ಅಂತ ಇನ್ನೊಂದು ಕಡೆ. ಎರಡೂ ಸರಿ ಅಂತ ಒಪ್ಪಿಕೊಳ್ಳೋಕೆ ನಮಗೆ ಎರಡು ದಿನ ಬೇಕಾಯ್ತು. ರೂಲ್ ಪ್ರಕಾರ ಆಡಿ ಗೆಲ್ಲೋದು ಮೋಸ ಅಲ್ಲ. ಆದರೆ ರೂಲೇ ಎಲ್ಲರಿಗೂ ಒಂದೇ ಅಳತೆಯದ್ದು ಅಂತಾನೂ ಅಲ್ಲ.

ಗೆದ್ದರೂ ದೂರ ಕಡಿಮೆ ಆಗದ ಓಟ

ಫೆಬ್ರವರಿಯ ಉಳಿದ ಸ್ಪರ್ಧೆಗಳನ್ನೆಲ್ಲ ಒಬಾಮಾ ಗೆದ್ದು, ನೂರಕ್ಕೂ ಹೆಚ್ಚು ಡೆಲಿಗೇಟ್‌ಗಳಿಂದ ಮುಂದೆ ಹೋದರು. ಮಾರ್ಚ್ 4ರಂದು ಟೆಕ್ಸಸ್. ಅಲ್ಲಿ ಒಂದೇ ದಿನ ಪ್ರೈಮರಿಯೂ ಉಂಟು, ಕಾಕಸ್ಸೂ ಉಂಟು! ಪ್ರೈಮರಿ ಗೆದ್ದಿದ್ದು ಹಿಲರಿ, ಕಾಕಸ್ ಗೆದ್ದಿದ್ದು ಒಬಾಮಾ. ಒಟ್ಟು ಸೇರಿಸಿದರೆ ಒಬಾಮಾ 99, ಹಿಲರಿ 94.

ಏಪ್ರಿಲ್ 22ಕ್ಕೆ ಪೆನ್ಸಿಲ್ವೇನಿಯಾ. ಹಿಲರಿ ಸುಮಾರು 9 ಪರ್ಸೆಂಟ್ ಅಂತರದಿಂದ ಗೆದ್ದರು. ಅಷ್ಟು ದೊಡ್ಡ ರಾಜ್ಯದಲ್ಲಿ ಸಿಕ್ಕಿದ್ದು 85–73, ಅಂದರೆ ಬರೀ 12ರ ಲಾಭ. ಅವತ್ತು ನಮ್ಮ ಹಿಲರಿ ಪಾರ್ಟಿಯವರು ಶೀಟ್ ನೋಡಿ ಸುಮ್ಮನಾದರು. ಸೋತವರಿಗೂ ಪಾಲು ಸಿಗೋ ಆಟದಲ್ಲಿ ಹಿಂದೆ ಬಿದ್ದರೆ, ಗೆದ್ದುಗೆದ್ದೇ ಹಿಂದೆ ಉಳಿಯಬಹುದು.

ಇನ್ನೆರಡು ಗೊಂದಲ ಬಾಕಿ ಇದ್ದವು. ಒಂದು, ಸೂಪರ್ ಡೆಲಿಗೇಟ್‌ಗಳು. ಸುಮಾರು 800 ಪಕ್ಷದ ನಾಯಕರು, ಸಂಸದರು, ಗವರ್ನರ್‌ಗಳು ತಮಗೆ ಬೇಕಾದವರಿಗೆ ಓಟು ಹಾಕಬಹುದಿತ್ತು. ಮೊದಲು ಇವರಲ್ಲಿ ಹೆಚ್ಚಿನವರು ಹಿಲರಿ ಕಡೆ ಇದ್ದರು, ನಿಧಾನವಾಗಿ ಗಾಳಿ ತಿರುಗಿತು. (2018ರಲ್ಲಿ ಪಕ್ಷ ರೂಲ್ ಬದಲಿಸಿತು. ಈಗ ಸ್ಪರ್ಧೆ ಬಿಗಿಯಾಗಿದ್ದರೆ ಮೊದಲ ಸುತ್ತಿನಲ್ಲಿ ಅವರಿಗೆ ಓಟಿಲ್ಲ.) ಇನ್ನೊಂದು, ಫ್ಲೋರಿಡಾ ಮತ್ತು ಮಿಷಿಗನ್. ಈ ಎರಡೂ ರಾಜ್ಯಗಳು ಪಕ್ಷ ಹೇಳಿದ್ದಕ್ಕಿಂತ ಮುಂಚೆಯೇ ಪ್ರೈಮರಿ ಇಟ್ಟುಕೊಂಡಿದ್ದಕ್ಕೆ ಡೆಮಾಕ್ರಟಿಕ್ ಪಕ್ಷ ಅವರ ಡೆಲಿಗೇಟ್‌ಗಳನ್ನೇ ರದ್ದು ಮಾಡಿತ್ತು. ಮಿಷಿಗನ್ ಬ್ಯಾಲಟ್‌ನಿಂದ ಒಬಾಮಾ ಹೆಸರನ್ನೇ ವಾಪಸ್ ತಗೊಂಡಿದ್ದರು. ಕೊನೆಗೆ ಮೇ 31ರಂದು ಪಕ್ಷದ ಸಮಿತಿ ಕೂತು, ಒಬ್ಬೊಬ್ಬ ಡೆಲಿಗೇಟ್‌ಗೆ ಅರ್ಧ ಓಟು ಅಂತ ತೀರ್ಮಾನ ಮಾಡಿತು. ಗೆಲ್ಲೋಕೆ ಬೇಕಾದ ಸಂಖ್ಯೆ 2,118 ಆಯ್ತು. ಜೂನ್ 3ರಂದು ಒಬಾಮಾ ಅದನ್ನ ದಾಟಿದರು. ಜೂನ್ 7ರಂದು ಹಿಲರಿ ಕಣದಿಂದ ಹಿಂದೆ ಸರಿದು ಅವರಿಗೆ ಬೆಂಬಲ ಕೊಟ್ಟರು.

ಹಾಗಾದ್ರೆ ಅಷ್ಟು ದಿನ ಎಳೆದಿದ್ದು ದಂಡವಾ?

ನಮಗೂ ಮೊದಲು ಹಾಗೇ ಅನ್ನಿಸ್ತು. ಆದರೆ ಮೇ ತಿಂಗಳಲ್ಲಿ ಗುವಾಮ್ ಅನ್ನೋ ಪೆಸಿಫಿಕ್ ದ್ವೀಪದ ಸಾಲು ತುಂಬಿಸುವಾಗ ಕೈ ನಿಂತಿತು. ಅಲ್ಲಿ ಒಬಾಮಾ ಗೆದ್ದಿದ್ದು ಬರೀ 7 ಓಟಿನಿಂದ. ಗುವಾಮ್ ಜನ ಅಮೆರಿಕದ ಪ್ರಜೆಗಳೇ, ಆದರೂ ದ್ವೀಪದಲ್ಲಿದ್ದುಕೊಂಡು ನವೆಂಬರ್‌ನಲ್ಲಿ ಅಧ್ಯಕ್ಷರಿಗೆ ಓಟು ಹಾಕೋ ಹಕ್ಕು ಅವರಿಗಿಲ್ಲ. ಪ್ರೈಮರಿಯಲ್ಲಿ ಮಾತ್ರ ಇದೆ. ಮಾರ್ಚ್‌ನಲ್ಲೇ ಮುಗಿದಿದ್ದರೆ ಅವರನ್ನ ಯಾರು ಕೇಳ್ತಿದ್ರು? ಸ್ಪರ್ಧೆಯನ್ನ ಎಳೆದ ರೂಲೇ ಕೊನೆಯಲ್ಲಿ ಬಂದವರ ಓಟಿಗೂ ಬೆಲೆ ತಂದುಕೊಟ್ಟಿತ್ತು.

ಇಂಥ ಪ್ರಯೋಗ ನಮ್ಮ ರಾಜ್ಯದಲ್ಲೂ ಒಮ್ಮೆ ಆಗಿದೆ ಅಂತ ನಮಗೆ ಗೊತ್ತಾಗಿದ್ದು ಆಮೇಲೆ. 2014ರ ಲೋಕಸಭಾ ಚುನಾವಣೆಗೆ ಮುಂಚೆ ಕಾಂಗ್ರೆಸ್ ಪಕ್ಷ ದೇಶದ ಕೆಲವು ಕ್ಷೇತ್ರಗಳಲ್ಲಿ ಪ್ರೈಮರಿ ಮಾಡಿತ್ತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಓಟು ಹಾಕಿದ್ದು ಸಾಮಾನ್ಯ ಜನ ಅಲ್ಲ, ಪಕ್ಷದ ಒಳಗಿನವರು. ಸಿ. ನಾರಾಯಣಸ್ವಾಮಿ ಮತ್ತು ಜನಾರ್ದನ ಪೂಜಾರಿ ಆಯ್ಕೆಯಾದರು. ಆಮೇಲೆ ಚುನಾವಣೆಯಲ್ಲಿ ಇಬ್ಬರೂ ಸೋತರು.

2028ರಲ್ಲಿ ಅಮೆರಿಕದಲ್ಲಿ ಮತ್ತೆ ಪ್ರೈಮರಿ ಶುರುವಾಗುತ್ತೆ. ಅಷ್ಟೊತ್ತಿಗೆ ನಮ್ಮಲ್ಲಿ ಕೆಲವರು ಎಂಎಸ್ ಅಂತ ಅಲ್ಲೇ ಇರಬಹುದು, ಓಟಿಲ್ಲದೆ, ವೀಸಾ ಚಿಂತೆಯಲ್ಲಿ. ಟೀವಿಯಲ್ಲಿ "ಇಂಥವರು ಗೆದ್ದರು" ಅಂತ ಬಂದ ತಕ್ಷಣ ನಂಬಬೇಡಿ. ಮೂರು ಪ್ರಶ್ನೆ ಕೇಳಿ: ಇದು ಪ್ರೈಮರಿಯಾ, ಕಾಕಸ್ಸಾ? ಡೆಲಿಗೇಟ್ ಹಂಚೋದು ಪಾಲಿನ ಲೆಕ್ಕದಲ್ಲಾ, ಗೆದ್ದವರಿಗೇ ಎಲ್ಲಾನಾ? ಅಂತರ ಎಷ್ಟು ಕಡಿಮೆಯಾಯ್ತು?

ಶೀಟ್ ಬೇಕಿದ್ದರೆ ಕೇಳಿ, ಕೊಡ್ತೀವಿ. ನೆವಾಡಾ ಸಾಲಿನ ಪಕ್ಕ "ಮೋಸ" ಅಂತ ಬರೆದಿದ್ದು ಇನ್ನೂ ಹಾಗೇ ಇದೆ. ಕೊನೇಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಸೇರಿಸಿದ್ದೀವಿ.