ಮೂರು ತಿಂಗಳ ಶುಗರ್ ಟೆಸ್ಟ್: ದುಡ್ಡು ಹೆಚ್ಚಾದರೆ ನಿಖರವೇ?

ಡಾಕ್ಟರು ಚೀಟಿಯಲ್ಲಿ ಎಚ್‌ಬಿಎ1ಸಿ ಎಂದು ಬರೆಯುತ್ತಾರೆ, ನಾವು ‘ಮೂರು ತಿಂಗಳ ಶುಗರ್’ ಎನ್ನುತ್ತೇವೆ. ಒಂದೇ ರಸ್ತೆಯ ಆ ತುದಿಯ ಆಸ್ಪತ್ರೆಯಲ್ಲಿ ಇದಕ್ಕೊಂದು ದರ, ಈ ತುದಿಯ ಲ್ಯಾಬಿನಲ್ಲಿ ಅದರ ಅರ್ಧ. ಹೀಗಿದ್ದಾಗ ಜನ ತಮಗೆ ತೋಚಿದಂತೆ ಅರ್ಥ ಮಾಡಿಕೊಳ್ಳುತ್ತಾರೆ.

ನಂಬಿಕೆ: ದೊಡ್ಡ ಆಸ್ಪತ್ರೆಯ ದುಬಾರಿ ರಿಪೋರ್ಟೇ ಸರಿ.

ಸತ್ಯ: ನೀವು ಕೊಡುವ ದುಡ್ಡಿನಲ್ಲಿ ಕಟ್ಟಡ, ಸಿಬ್ಬಂದಿ, ಎಸಿ ಎಲ್ಲದರ ಪಾಲೂ ಇರುತ್ತದೆ. ಎಷ್ಟೋ ನರ್ಸಿಂಗ್ ಹೋಮ್‌ಗಳು ರಕ್ತ ತೆಗೆದು, ನೇರಳೆ ಮುಚ್ಚಳದ ಟ್ಯೂಬನ್ನು ಹೊರಗಿನ ಲ್ಯಾಬಿಗೆ ಕಳಿಸುತ್ತವೆ. ಆ ಲ್ಯಾಬಿಗೆ ನೀವೇ ಹೋದರೂ ಯಂತ್ರ ಅದೇ, ಬಿಲ್ ಮಾತ್ರ ಬೇರೆ. ‘ಟೆಸ್ಟ್ ಇಲ್ಲೇ ಮಾಡ್ತೀರಾ, ಹೊರಗೆ ಕಳಿಸ್ತೀರಾ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ರಿಪೋರ್ಟಿನಲ್ಲಿ ಪರೀಕ್ಷೆಯ ವಿಧಾನ ಬರೆದಿದೆಯೇ, ಲ್ಯಾಬುಗಳ ಗುಣಮಟ್ಟ ಪರಿಶೀಲಿಸುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಲ್ಯಾಬಿಗೆ ಇದೆಯೇ ನೋಡಿ. ಈ ಮಾನ್ಯತೆ ಸಿಗುವುದು ಪರೀಕ್ಷೆವಾರು. ಹಾಗಾಗಿ ಬೋರ್ಡಿನ ಮೇಲೆ ಮುದ್ರೆ ಇದ್ದ ಮಾತ್ರಕ್ಕೆ ಅಲ್ಲಿನ ಎಲ್ಲ ಟೆಸ್ಟಿಗೂ ಅದು ಅನ್ವಯಿಸುತ್ತದೆ ಎಂದಲ್ಲ.

ಇನ್ನೊಂದು ವಿಷಯ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಈ ಅಂಕಿ ಇರುವುದಕ್ಕಿಂತ ಮೇಲೇರಬಹುದು. ಇತ್ತೀಚೆಗೆ ರಕ್ತಸ್ರಾವವಾಗಿದ್ದರೆ ಕೆಳಗಿಳಿಯಬಹುದು. ಎಷ್ಟು ದುಬಾರಿ ಆಸ್ಪತ್ರೆಯಾದರೂ ಇದನ್ನು ತಪ್ಪಿಸಲಾರದು. ಅಂಥ ತೊಂದರೆ ಇದ್ದವರು ಡಾಕ್ಟರಿಗೆ ಮೊದಲೇ ಹೇಳಬೇಕು.

ನಂಬಿಕೆ: ಹಾಗಾದರೆ ಪ್ರತಿ ಸಲವೂ ಅಗ್ಗದ ಲ್ಯಾಬ್ ಹುಡುಕಬಹುದು.

ಸತ್ಯ: ಒಮ್ಮೆ ಹುಡುಕಿ, ಆಮೇಲೆ ಅಲ್ಲೇ ನಿಲ್ಲಿ. ಹೋದ ಸಲ ಒಂದು ಲ್ಯಾಬಿನಲ್ಲಿ 7.1, ಈ ಸಲ ಇನ್ನೊಂದರಲ್ಲಿ 7.4 ಬಂದರೆ, ಏರಿದ್ದು ಸಕ್ಕರೆಯೋ ಯಂತ್ರ ಬದಲಾದದ್ದೋ ಹೇಳುವುದು ಕಷ್ಟ.

ನಂಬಿಕೆ: ಪ್ಯಾಕೇಜಿನಲ್ಲಿ ಹೆಚ್ಚು ಟೆಸ್ಟ್ ಇದೆ, ಅದೇ ಲಾಭ.

ಸತ್ಯ: ಪಟ್ಟಿಯಲ್ಲಿ ‘ಸರಾಸರಿ ಗ್ಲೂಕೋಸ್’ ಎಂಬ ಸಾಲು ಇರುತ್ತದಲ್ಲ, ಅದು ಬೇರೆ ಪರೀಕ್ಷೆಯೇ ಅಲ್ಲ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಆ ಅಂಕಿ ಸಿಗುತ್ತದೆ. ಶೇ 7 ಇದ್ದರೆ ಸುಮಾರು 154. ಈ ಲೆಕ್ಕವನ್ನೂ ಒಂದು ಟೆಸ್ಟೆಂದು ಎಣಿಸಿದ ಪ್ಯಾಕೇಜನ್ನು ಕಂಡರೆ ನನಗೆ ನಗು ಬರುತ್ತದೆ. ಡಾಕ್ಟರು ಬರೆದಷ್ಟು ಮಾಡಿಸಿದರೆ ಸಾಕು.

ನಂಬಿಕೆ: ತಿಂಗಳು ತಿಂಗಳೂ ಮಾಡಿಸಿದರೆ ಒಳ್ಳೆಯದು, ಅದೂ ಖಾಲಿ ಹೊಟ್ಟೆಯಲ್ಲಿ.

ಸತ್ಯ: ಎರಡೂ ಬೇಡ. ಈ ಟೆಸ್ಟ್ ಅಳೆಯುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆಯನ್ನು. ಆ ಕಣದ ಆಯುಷ್ಯ ಸುಮಾರು 120 ದಿನ. ಆದ್ದರಿಂದ ಸಾಮಾನ್ಯವಾಗಿ, ಹತೋಟಿಯಲ್ಲಿದ್ದವರಿಗೆ ವರ್ಷಕ್ಕೆ ಎರಡು ಸಲ, ಇಲ್ಲದವರಿಗೆ ಮೂರು ತಿಂಗಳಿಗೊಮ್ಮೆ. ತಿಂಡಿ ತಿಂದೇ ಹೋಗಬಹುದು. ಜತೆಗೆ ಫಾಸ್ಟಿಂಗ್ ಶುಗರ್ ಬರೆದಿದ್ದರೆ ಮಾತ್ರ ಉಪವಾಸ.

ನಂಬಿಕೆ: ದರ ಕೇಳಿದರೆ ಮರ್ಯಾದೆ ಹೋಗುತ್ತದೆ.

ಸತ್ಯ: ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಪ್ರಕಾರ ದರಪಟ್ಟಿಯನ್ನು ಜನರಿಗೆ ಕಾಣುವಂತೆ ಹಾಕುವುದು ಅವರ ಹೊಣೆ. ಟೆಸ್ಟಿನ ದರವೊಂದನ್ನೇ ಕೇಳಿ ಸುಮ್ಮನಾಗಬೇಡಿ; ನೋಂದಣಿ ಶುಲ್ಕ, ಮನೆಗೆ ಬಂದು ರಕ್ತ ತೆಗೆಯುವ ಶುಲ್ಕ ಎಲ್ಲ ಸೇರಿ ಒಟ್ಟು ಎಷ್ಟಾಗುತ್ತದೆ ಎಂಬುದನ್ನು ತೋಳು ಚಾಚುವ ಮೊದಲೇ ಕೇಳಿಕೊಳ್ಳಿ.