ಬಾಳಿಕೆ ಬರುವ ಗೇಮಿಂಗ್ ಕಂಪ್ಯೂಟರ್: ಯಾವ ಭಾಗಕ್ಕೆ ಎಷ್ಟು ದುಡ್ಡು?

"ಮಾವ, ಅಪ್ಪನಿಗೆ ನೀವೇ ಒಂದು ಮಾತು ಹೇಳಿ. ನಾನು ಹೇಳಿದ್ರೆ ಕೇಳಲ್ಲ."

2025ರ ಆಗಸ್ಟ್ ಕೊನೆಯ ವಾರ ಗೆಟ್ಟವಾಡಿಯ ಅಕ್ಕನ ಮನೆಗೆ ಹೋಗಿದ್ದಾಗ ಅಕ್ಕನ ಮಗ ನನ್ನ ಕೈಗೆ ನೋಟ್‌ಬುಕ್ಕಿನ ಒಂದು ಹಾಳೆ ಕೊಟ್ಟ. ಪ್ಲಸ್ ಟು ಮುಗಿಸಿ ಡಿಗ್ರಿಗೆ ಸೇರಿದ್ದ ಹುಡುಗ. ಹಾಳೆಯಲ್ಲಿ ಗೇಮಿಂಗ್ ಕಂಪ್ಯೂಟರಿಗೆ ಬೇಕಾದ ಬಿಡಿಭಾಗಗಳ ಪಟ್ಟಿ, ಪಕ್ಕದಲ್ಲಿ ಬೆಲೆ, ಕೆಳಗೆ ಎರಡು ಗೆರೆ ಎಳೆದು ಎಪ್ಪತ್ತು ಸಾವಿರ ರೂಪಾಯಿ ಎಂದು ಮೊತ್ತ. ಆ ವರ್ಷ ಎಲೆಕೋಸಿನಲ್ಲಿ ನಾಲ್ಕು ಕಾಸು ಉಳಿದಿತ್ತು. ಅದರ ಮೇಲೆ ಅವನ ಕಣ್ಣು.

ಭಾವ ಜಗುಲಿಯಿಂದಲೇ ಕೂಗಿದರು: "ಆಟ ಆಡಕ್ಕೆ ಎಪ್ಪತ್ತು ಸಾವಿರವಾ? ಎರಡು ವರ್ಷಕ್ಕೆ ಮೂಲೆಗೆ ಬಿಸಾಕ್ತಾನೆ ಕನಪ್ಪ." ಅಕ್ಕನ ಭಯ ಬೇರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸರಕಾರ ನಿಷೇಧಿಸಿದೆ ಎಂದು ಅದೇ ವಾರ ಟಿ.ವಿ.ಯಲ್ಲಿ ನೋಡಿದ್ದಳು. ಆ ಕಾನೂನು ಜೂಜಿನಂಥ ಆಟಗಳಿಗೆ ಸಂಬಂಧಿಸಿದ್ದು, ಇವನು ಕೇಳುತ್ತಿರುವುದು ಕಾಲ್ಚೆಂಡು, ಕಾರ್ ರೇಸು ಆಡುವ ಯಂತ್ರ, ಓದಿಗೂ ಆಗುತ್ತದೆ ಎಂದು ಬಿಡಿಸಿ ಹೇಳಿದೆ. ಎಷ್ಟು ಹೊತ್ತು ಆಡಬೇಕೆಂಬುದನ್ನು ತಾಯಿ ಮಗ ಕೂತು ಮಾತಾಡಿಕೊಳ್ಳಲಿ, ಅದರಲ್ಲಿ ನಾನು ತಲೆ ಹಾಕಲಿಲ್ಲ. ಆದರೆ ಭಾವನ ಪ್ರಶ್ನೆ ನನಗೂ ಸರಿಯೆನಿಸಿತು. ಇಷ್ಟು ಹಣ ಹಾಕಿದ ಮೇಲೆ ಅದು ಎಷ್ಟು ವರ್ಷ ಬಾಳುತ್ತದೆ?

ಹಾಳೆಯನ್ನು ಮತ್ತೆ ನೋಡಿದೆ. ಅರ್ಧಕ್ಕಿಂತ ಹೆಚ್ಚು ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗಿತ್ತು. ಬಣ್ಣಬಣ್ಣದ ದೀಪ ಉರಿಯುವ ಫ್ಯಾನುಗಳಿಗೆ ಒಂದಷ್ಟು. ಕಟ್ಟಕಡೆಯಲ್ಲಿ, ಉಳಿದ ಚಿಲ್ಲರೆಯಲ್ಲಿ, ಎಸ್‌ಎಂಪಿಎಸ್. ಅದನ್ನು ಕಂಡು ನನ್ನ ಹಳೆಯ ಗಾಯ ಕೆದಕಿದಂತಾಯಿತು.

2008ರಲ್ಲಿ ನಾನು ಮೊದಲ ಕಂಪ್ಯೂಟರ್ ಕೊಂಡಾಗ ಅಂಗಡಿಯವರು ಕ್ಯಾಬಿನೆಟ್ಟಿನ ಜೊತೆಗೇ ಎಸ್‌ಎಂಪಿಎಸ್ ಪುಕ್ಕಟೆ ಎಂದರು. ನನಗೂ ಸಂತೋಷ. ಹದಿನಾಲ್ಕು ತಿಂಗಳು ನಡೆಯಿತು. ಒಂದು ಸಂಜೆ ಕರೆಂಟು ಹೋಗಿ ಬಂತು, ಪಟ್ ಎಂದಿತು, ಸುಟ್ಟ ವಾಸನೆ. ಎಸ್‌ಎಂಪಿಎಸ್ ಒಂದೇ ಸುಟ್ಟಿದ್ದರೆ ಬೇರೆ ಮಾತು. ಮದರ್‌ಬೋರ್ಡನ್ನೂ ಹಾರ್ಡ್‌ಡಿಸ್ಕನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಆ ಡಿಸ್ಕಿನಲ್ಲಿ ಅಮ್ಮನ ಕೊನೆಯ ಕ್ರಿಸ್‌ಮಸ್‌ನ ಫೋಟೋಗಳಿದ್ದವು. ಬೇರೆಲ್ಲೂ ನಕಲು ಇಟ್ಟಿರಲಿಲ್ಲ.

ಎಸ್‌ಎಂಪಿಎಸ್ ಎಂದರೆ ಕ್ಯಾಬಿನೆಟ್ಟಿನ ಮೂಲೆಯಲ್ಲಿರುವ ಕಬ್ಬಿಣದ ಡಬ್ಬಿ. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಒಳಗಿನ ಎಲ್ಲ ಭಾಗಗಳಿಗೂ ಹಂಚುವುದು ಅದರ ಕೆಲಸ. ಮನೆಯ ಅಡುಗೆಯವಳಿದ್ದಂತೆ, ಅವಳು ಕೆಟ್ಟದ್ದು ಬಡಿಸಿದರೆ ಎಲ್ಲರ ಹೊಟ್ಟೆಯೂ ಕೆಡುತ್ತದೆ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ವೋಲ್ಟೇಜು ಮಿತಿ ಮೀರಿದ ಕ್ಷಣವೇ ತನ್ನನ್ನು ತಾನೇ ನಿಲ್ಲಿಸಿಕೊಳ್ಳುವ ರಕ್ಷಣೆ ಇರುತ್ತದೆ. ಪುಕ್ಕಟೆ ಡಬ್ಬಿಯಲ್ಲಿ ಅದನ್ನು ನಂಬುವ ಹಾಗಿಲ್ಲ.

ಒಳ್ಳೆಯದನ್ನು ಗುರುತಿಸುವುದು ಹೇಗೆ? ಡಬ್ಬಿಯ ಮೇಲೆ '80 ಪ್ಲಸ್' ಮುದ್ರೆ ಇರುತ್ತದೆ. ಬ್ರಾಂಜ್, ಗೋಲ್ಡ್ ಎಂದು ದರ್ಜೆಗಳಿವೆ. 2004ರಲ್ಲಿ ಶುರುವಾದ ಈ ಮುದ್ರೆ ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ಗೋಲ್ಡ್ ಆದರೆ ಅರ್ಧ ಹೊರೆಯಲ್ಲಿ ಗೋಡೆಯಿಂದ ಎಳೆದ 100 ವ್ಯಾಟಿನಲ್ಲಿ ಸುಮಾರು 90 ವ್ಯಾಟ್ ಒಳಗೆ ತಲುಪುತ್ತದೆ. ಬಾಳಿಕೆಯ ಬಗ್ಗೆ ಆ ಮುದ್ರೆ ಏನೂ ಹೇಳುವುದಿಲ್ಲ. ನಾನು ನೋಡುವುದು ವಾರಂಟಿ. ತಯಾರಕರು ಐದು, ಏಳು, ಹತ್ತು ವರ್ಷ ವಾರಂಟಿ ಕೊಡುವ ಎಸ್‌ಎಂಪಿಎಸ್‌ಗಳಿವೆ. ತನ್ನ ಮಾಲಿನ ಮೇಲೆ ನಂಬಿಕೆ ಇಲ್ಲದವನು ಹತ್ತು ವರ್ಷ ಬರೆದುಕೊಡುತ್ತಾನೆಯೇ?

ಇದರೊಳಗಿನ ಕೆಪಾಸಿಟರುಗಳು ಕಾಲಕ್ರಮೇಣ ಒಣಗುತ್ತವೆ. ಶಾಖ 10 ಡಿಗ್ರಿ ಇಳಿದರೆ ಅವುಗಳ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಇಲ್ಲಿ ನಮ್ಮ ತಾಳವಾಡಿ ಸೀಮೆಯವರು ಪುಣ್ಯವಂತರು. ದಿಂಬಂ ಘಾಟಿಯ 27 ತಿರುವು ಇಳಿದರೆ ಸಿಗುವ ಸತ್ಯಮಂಗಲದ, ಈರೋಡಿನ ಬಿಸಿಲು ನಮಗಿಲ್ಲ. ಅಷ್ಟರ ಮಟ್ಟಿಗೆ ನಮ್ಮ ತಂಪು ಗಾಳಿ ಯಂತ್ರಕ್ಕೂ ಒಳ್ಳೆಯದು.

ಆದರೆ ಅದೇ ಘಾಟಿ ಇನ್ನೊಂದು ರೀತಿಯಲ್ಲಿ ತೊಂದರೆ. ಪಟ್ಟಣದವರಿಗೆ ಕಂಪ್ಯೂಟರ್ ಕೆಟ್ಟರೆ ಸ್ಕೂಟರಿನಲ್ಲಿಟ್ಟುಕೊಂಡು ಹೋದರಾಯಿತು. ನಾವು ಒಂದೋ ಘಾಟಿ ಇಳಿಯಬೇಕು (2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ), ಇಲ್ಲವೇ ಚಾಮರಾಜನಗರ, ಮೈಸೂರು ಎಂದು ಬಸ್ಸು ಹತ್ತಬೇಕು. ಒಂದು ದಿನದ ಕೆಲಸ ಹಾಳು. ಆದ್ದರಿಂದ ನಮ್ಮಂಥವರಿಗೆ ವೇಗಕ್ಕಿಂತ ಮೊದಲು ಬೇಕಾದದ್ದು ಕೆಡದಿರುವ ಗುಣ.

ಎಸ್‌ಎಂಪಿಎಸ್ ಎಷ್ಟೇ ಚೆನ್ನಾಗಿದ್ದರೂ ಯುಪಿಎಸ್ ಬೇಕೇ ಬೇಕು. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರ ಆಟದ ನಡುವೆ ಅದಕ್ಕಿಂತ ಹೆಚ್ಚು ಎಳೆಯಬಹುದು. ಆಗ ಕರೆಂಟು ಹೋದೊಡನೆ ಯುಪಿಎಸ್ಸೂ ಕೈಚೆಲ್ಲುತ್ತದೆ. 1000 ವಿಎ ಇರಲಿ, ಸಾಧ್ಯವಾದರೆ ಸೈನ್ ವೇವ್ ಎಂದು ಕೇಳಿ ಪಡೆಯಿರಿ. ಹೊಸ ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್ಸಿನ ಒರಟು ಅಲೆಗೆ ಒಮ್ಮೊಮ್ಮೆ ಹೊಂದಿಕೊಳ್ಳುವುದಿಲ್ಲ. ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಭರಣಿ ಮಳೆಯ ಗುಡುಗು ಸಿಡಿಲಿನ ದಿನ ಪ್ಲಗ್ಗನ್ನೂ ಇಂಟರ್ನೆಟ್ಟಿನ ವೈರನ್ನೂ ಕಿತ್ತಿಡುವುದೇ ಕ್ಷೇಮ. ಸಿಡಿಲಿಗೆ ವಾರಂಟಿ ಇಲ್ಲ.

ಈಗ ಪ್ರೊಸೆಸರ್ ಮತ್ತು ಮದರ್‌ಬೋರ್ಡಿಗೆ ಬರೋಣ. ಇಂದು ಯಾವುದು ಹೆಚ್ಚು ವೇಗ ಎಂದು ಹುಡುಗರು ಕೇಳುತ್ತಾರೆ. ನಾಳೆ ಪ್ರೊಸೆಸರ್ ಒಂದನ್ನೇ ಬದಲಿಸಲು ಆಗುತ್ತದೆಯೇ ಎಂದು ನಾವು ಕೇಳಬೇಕು. ಪ್ರೊಸೆಸರ್ ಕೂರುವ ಗೂಡಿಗೆ ಸಾಕೆಟ್ ಎನ್ನುತ್ತಾರೆ. ಎಎಂಡಿ ಕಂಪನಿಯ ಮೊದಲ ರೈಜನ್ ಪ್ರೊಸೆಸರುಗಳು 2017ರಲ್ಲಿ ಎಎಂ4 ಎಂಬ ಸಾಕೆಟ್ಟಿನಲ್ಲಿ ಬಂದವು. 2022ರಲ್ಲಿ ಬಂದ 5800ಎಕ್ಸ್3ಡಿ ಎಂಬ ಪ್ರೊಸೆಸರನ್ನು ಆ ಹಳೆಯ ಬೋರ್ಡುಗಳಲ್ಲೂ ಅನೇಕರು ಬಯೋಸ್ ನವೀಕರಿಸಿ ಕೂರಿಸಿಕೊಂಡರು. ಐದು ವರ್ಷದ ಹಳೆಯ ಯಂತ್ರಕ್ಕೆ ಮತ್ತೆ ಹರೆಯ ಬಂತು. ಅದೇ 2017ರ ಕೊನೆಗೆ ಇಂಟೆಲ್ಲಿನ ಎಂಟನೆಯ ತಲೆಮಾರಿನ ಪ್ರೊಸೆಸರುಗಳು ಬಂದಾಗ, ಸಾಕೆಟ್ಟಿನ 1151 ಎಂಬ ಸಂಖ್ಯೆ ಅದೇ ಇದ್ದರೂ ಹಿಂದಿನ ವರ್ಷದ ಬೋರ್ಡುಗಳಲ್ಲಿ ಅವು ನಡೆಯಲಿಲ್ಲ. ಬೋರ್ಡನ್ನೂ ಹೊಸದಾಗಿ ಕೊಳ್ಳಬೇಕಾಯಿತು. ಇಂಟೆಲ್ ಕೆಟ್ಟದ್ದು ಎಂದಲ್ಲ. 2024ರಲ್ಲಿ ಅದರ 13 ಮತ್ತು 14ನೆಯ ತಲೆಮಾರಿನ ಕೆಲವು ಪ್ರೊಸೆಸರುಗಳು ಹೆಚ್ಚು ವೋಲ್ಟೇಜಿನಿಂದ ಹಾಳಾಗುತ್ತಿವೆ ಎಂದು ತಿಳಿದಾಗ ಕಂಪನಿ ಸರಿಪಡಿಸುವ ಬಯೋಸ್ ಕೊಟ್ಟು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಂಥವು ಮನೆಯಲ್ಲಿದ್ದರೆ ಬಯೋಸ್ ನವೀಕರಿಸಿಕೊಳ್ಳಿ. ನಾವು ಆರಿಸಿದ್ದು ಎಎಂಡಿಯ ಎಎಂ5. ಕನಿಷ್ಠ 2027ರವರೆಗೆ ಹೊಸ ಪ್ರೊಸೆಸರುಗಳನ್ನು ಇದೇ ಸಾಕೆಟ್ಟಿಗೆ ಕೊಡುವುದಾಗಿ ಕಂಪನಿ ಹೇಳಿದೆ.

ಗ್ರಾಫಿಕ್ಸ್ ಕಾರ್ಡಿನ ಮಾತೆತ್ತಿದಾಗ ಹುಡುಗನ ಮುಖ ಬಾಡಿತು. "ಈಗ ಬೇಡ" ಎಂದೆ. "ಕಾರ್ಡ್ ಇಲ್ದೆ ಗೇಮಿಂಗ್ ಪಿಸಿ ಹೆಂಗಾಗುತ್ತೆ ಮಾವ?" ಎಂದ. ಅವನ ಪ್ರಶ್ನೆಯೂ ನ್ಯಾಯವೇ.

ಅವನಿಗೆ ಜಿಟಿಎಕ್ಸ್ 1060ರ ಕತೆ ಹೇಳಿದೆ. ಎನ್ವಿಡಿಯಾ ಕಂಪನಿ 2016ರಲ್ಲಿ ತಂದ ಕಾರ್ಡ್ ಅದು. ಸ್ಟೀಮ್ ಎಂಬ ಆಟದ ಜಾಲದ ಸಮೀಕ್ಷೆಯಲ್ಲಿ ವರ್ಷಗಟ್ಟಲೆ, 2022ರವರೆಗೂ, ಅತಿ ಹೆಚ್ಚು ಜನ ಬಳಸುವ ಕಾರ್ಡ್ ಆಗಿತ್ತು. ಆ ಹೆಸರಿನಲ್ಲಿ ಎರಡು ಬಗೆ ಇತ್ತು: 3 ಜಿಬಿ ಮೆಮೊರಿಯದು ಮತ್ತು 6 ಜಿಬಿಯದು. ಒಂದಷ್ಟು ಸಾವಿರ ಉಳಿಸಲು 3 ಜಿಬಿ ಕೊಂಡವರು ಕೆಲವೇ ವರ್ಷಗಳಲ್ಲಿ ಹೊಸ ಆಟಗಳ ಮುಂದೆ ಸೋತರು. 6 ಜಿಬಿಯವರು ಇನ್ನೂ ಬಹಳ ಕಾಲ ಆಡಿದರು. ಕಾರ್ಡಿನ ಮೆಮೊರಿಯನ್ನು ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಇಂದು ಆ ಇಕ್ಕಟ್ಟಿನಲ್ಲಿರುವುದು 8 ಜಿಬಿ ಕಾರ್ಡುಗಳು. ಹತ್ತು ವರ್ಷದ ಆಸೆಯಿದ್ದರೆ 12 ಅಥವಾ 16 ಜಿಬಿ ಇರಬೇಕು. ಎಪ್ಪತ್ತು ಸಾವಿರದಲ್ಲಿ ಅಂಥದ್ದನ್ನು ತುರುಕಿದರೆ ಮತ್ತೆ ಪುಕ್ಕಟೆ ಡಬ್ಬಿಗೇ ಬಂದು ನಿಲ್ಲುತ್ತೇವೆ.

ಆದ್ದರಿಂದ ಮೊದಲು ತಳಪಾಯ, ಕಾರ್ಡ್ ಮುಂದಿನ ಬೆಳೆಗೆ. ಅಲ್ಲಿಯವರೆಗೆ ಆಡಲು ಒಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಇರುವ ರೈಜನ್ 8600ಜಿ ಪ್ರೊಸೆಸರ್ ಆರಿಸಿದೆವು. ಇದಕ್ಕೊಂದು ಬೆಲೆಯಿದೆ, ಮುಚ್ಚಿಡುವುದಿಲ್ಲ. ಮುಂದೆ ಕಾರ್ಡ್ ಹಾಕಿದಾಗ 7600ರಂಥ ಪ್ರೊಸೆಸರ್ ಕೊಡುವಷ್ಟು ವೇಗ ಇದು ಕೊಡದು. ಆದರೆ ಸಾಕೆಟ್ ಅದೇ ಆದ್ದರಿಂದ ಬೇಕೆನಿಸಿದ ದಿನ ಬದಲಿಸಬಹುದು. ಒಳಗಿನ ಗ್ರಾಫಿಕ್ಸಿಗೆ ರ್ಯಾಮೇ ಆಧಾರ. ಒಂದೇ ಕಡ್ಡಿ ಹಾಕಿದರೆ ಆಟ ಕುಂಟುತ್ತದೆ, ಜೋಡಿ ಹಾಕಲೇಬೇಕು. 16 ಜಿಬಿಯ ಎರಡು ಕಡ್ಡಿ ಹಾಕಿಸಿದೆವು. ವರ್ಷದ ಕೊನೆಗೆ ಎಐ ಕೇಂದ್ರಗಳ ಬೇಡಿಕೆಯಿಂದ ರ್ಯಾಮಿನ ಬೆಲೆ ವಿಪರೀತ ಏರಿತು. ನಾವು ಅದಕ್ಕೆ ಮುಂಚೆ ಕೊಂಡದ್ದು ಜಾಣತನವಲ್ಲ, ಅದೃಷ್ಟ. 1 ಟಿಬಿ ಎಸ್‌ಎಸ್‌ಡಿಗೆ 600 ಟಿಬಿ ಬರೆಯುವವರೆಗೆ ವಾರಂಟಿ ಇರುವುದು ಸಾಮಾನ್ಯ. ಮನೆಯ ಬಳಕೆಯಲ್ಲಿ ಅಷ್ಟು ಸವೆಸುವುದು ಕಷ್ಟ. ಹಾಗೆಂದು ಫೋಟೋಗಳ ನಕಲು ಇನ್ನೊಂದು ಕಡೆ ಇಡುವುದನ್ನು ಮರೆಯಬೇಡಿ. ನನ್ನ ಕತೆ ಆಗಲೇ ಹೇಳಿದ್ದೇನೆ.

ಕ್ಯಾಬಿನೆಟ್ಟಿನಲ್ಲಿ ದೀಪಕ್ಕಿಂತ ಮುಂಭಾಗದ ಜಾಲರಿ ನೋಡಿ. ಗಾಳಿ ಆಡಬೇಕು, ಧೂಳು ತಡೆಯುವ ಫಿಲ್ಟರನ್ನು ಕಳಚಿ ತೊಳೆಯಲು ಬರಬೇಕು. ಹಿಂಬದಿಯ ಖಾಲಿ ಕಿಂಡಿಗಳಿಗೆ ಪಟ್ಟಿ ಮುಚ್ಚಿರಲಿ. ಹಳ್ಳಿಮನೆಯಲ್ಲಿ ಹಲ್ಲಿ, ಇಲಿಮರಿ ಬೆಚ್ಚನೆಯ ಜಾಗ ಹುಡುಕಿಕೊಂಡು ಬರುತ್ತವೆ.

ಸೆಪ್ಟೆಂಬರ್ 8ರ ಹಬ್ಬಕ್ಕೆ ಹೇಗೂ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಕ್ಕೆ ಹೋಗುವುದಿತ್ತು. ಮಾರನೆಯ ದಿನ ಬೆಂಗಳೂರಿನ ಎಸ್.ಪಿ. ರೋಡಿಗೆ ಮೂವರೂ ಹೋದೆವು. ಭಾವನೂ ಬಂದಿದ್ದರು. ಆ ಬೀದಿಯಲ್ಲಿ ಅಂಗಡಿಗೆ ಅಂಗಡಿ ಅಂಟಿಕೊಂಡಿದೆ, ನಾಲ್ಕು ಕಡೆ ಕೇಳದೆ ಕೊಳ್ಳಬಾರದು. ಒಬ್ಬರು ಪ್ರೊಸೆಸರನ್ನು ಡಬ್ಬಿಯಿಲ್ಲದೆ ಅಗ್ಗಕ್ಕೆ ಕೊಡುತ್ತೇನೆ ಎಂದರು. ಡಬ್ಬಿಯಲ್ಲಿ ಬರುವುದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ, ಬಿಡಿಯಾಗಿ ಬರುವುದಕ್ಕೆ ಅಂಗಡಿಯವನ ಮಾತೇ ವಾರಂಟಿ. ಬೇಡವೆಂದೆವು. ಪ್ರತಿಯೊಂದು ಭಾಗದ ಸೀರಿಯಲ್ ನಂಬರ್ ಬರೆಸಿ ಜಿಎಸ್‌ಟಿ ಬಿಲ್ಲು ಪಡೆದೆವು. ಬಿಲ್ಲು ಬರೆಸುವಾಗ ಭಾವ ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ಹತ್ತು ವರ್ಷ ಅಂತ ಬರ್ದಿರೋದು ಯಾವ್ದಪ್ಪ?" ಅಂಗಡಿಯ ಹುಡುಗ ಎಸ್‌ಎಂಪಿಎಸ್ ಡಬ್ಬಿ ತೋರಿಸಿದ. ಭಾವ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು.

ಬಿಲ್ಲುಗಳು ಈಗ ಅಕ್ಕನ ಬೀರುವಿನಲ್ಲಿ, ಜಮೀನಿನ ಪತ್ರಗಳ ಜೊತೆಗಿವೆ. ಹುಡುಗ ಕಾಲ್ಚೆಂಡಿನ ಆಟ ಆಡುತ್ತಾನೆ, ಚಿತ್ರದ ಗುಣಮಟ್ಟ ತುಸು ಇಳಿಸಿಕೊಂಡು. ಗ್ರಾಫಿಕ್ಸ್ ಕಾರ್ಡಿನ ಜಾಗ ಇನ್ನೂ ಖಾಲಿ ಇದೆ. ಮೊನ್ನೆ ಫೋನಿನಲ್ಲಿ ಕೇಳಿದ: "ಮಾವ, ಆಲೂಗಡ್ಡೆ ರೇಟು ಎಷ್ಟಿದೆ ಗೊತ್ತಾ?" ಮೊದಲು ಅವನು ಇಂಥದ್ದನ್ನು ಕೇಳಿದವನೇ ಅಲ್ಲ.